ಹೊಸ್ತಿಲ ತನಕ: ಮ್ಯಾಸಚೂಸೆಟ್ಸ್‌ನ ಹೋಂಸ್ಕೂಲಿಂಗ್ ಪ್ರಕರಣವೊಂದರ ಅಧ್ಯಯನ

ಊರಿನ ಸರ್ಕಾರಿ ಶಾಲೆಗಳ ಆಡಳಿತ ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ, ಮಗಳಿಗೆ ಮನೆಯಲ್ಲೇ ಕಲಿಸುವ ನಮ್ಮ ಅರ್ಜಿಯ ಬಗ್ಗೆ ಬಂದ ಪತ್ರದಲ್ಲಿ ಐದು ಅಂಶಗಳಿದ್ದವು. ಮೊದಲ ನಾಲ್ಕು ನಾವು ನಿರೀಕ್ಷಿಸಿದ್ದವೇ. ಮಗಳಿಗೆ ಯಾವ ಯಾವ ವಿಷಯವನ್ನು ಎಷ್ಟು ಗಂಟೆ ಕಲಿಸುತ್ತೀರಿ, ಕಲಿಸುವವರು ಏನು ಓದಿದ್ದಾರೆ, ಯಾವ ಪುಸ್ತಕ ಇಟ್ಟುಕೊಂಡಿದ್ದೀರಿ, ಮಗು ಕಲಿತಿದೆ ಎಂಬುದನ್ನು ವರ್ಷದ ಕೊನೆಗೆ ಹೇಗೆ ತೋರಿಸುತ್ತೀರಿ. ಐದನೆಯದು ಒಂದೇ ಸಾಲು: ವರ್ಷಕ್ಕೆ ಎರಡು ಸಲ ನಮ್ಮ ಪ್ರತಿನಿಧಿ ನಿಮ್ಮ ಮನೆಗೆ ಬಂದು ಪಾಠ ನಡೆಯುವುದನ್ನು ನೋಡುತ್ತಾರೆ, ಇದಕ್ಕೆ ಒಪ್ಪಿ ಸಹಿ ಮಾಡಿದ ಮೇಲೆಯೇ ಮಂಜೂರಾತಿ.

ನಾವು ಆಗಷ್ಟೇ ನ್ಯೂಜೆರ್ಸಿ ಬಿಟ್ಟು ಮ್ಯಾಸಚೂಸೆಟ್ಸ್‌ಗೆ ಬಂದಿದ್ದೆವು. ಬಂದ ಊರಿನ ಹೆಸರು ಇಲ್ಲಿ ಬೇಡ, ಆ ಕಚೇರಿಯವರ ಮೇಲೆ ನನಗೆ ಸಿಟ್ಟಿಲ್ಲ. ಮಗಳಿಗೆ ಆಗ ಒಂಬತ್ತು. ನ್ಯೂಜೆರ್ಸಿಯಲ್ಲಿ ಎರಡು ವರ್ಷದಿಂದ ಅವಳಿಗೆ ಮನೆಯಲ್ಲೇ ಕಲಿಸುತ್ತಿದ್ದೆ. ಅಲ್ಲಿಯ ಕಾನೂನು, ಶಾಲೆಗೆ ಕಳಿಸದಿದ್ದರೆ ಶಾಲೆಯಲ್ಲಿ ಸಿಗುವುದಕ್ಕೆ ಸಮನಾದ ಶಿಕ್ಷಣವನ್ನು ಬೇರೆಡೆ ಕೊಡಿಸಿ ಎನ್ನುತ್ತದೆ, ಅಷ್ಟೇ. ಅರ್ಜಿ ಇಲ್ಲ, ಮುಂಚಿತ ಒಪ್ಪಿಗೆ ಇಲ್ಲ. 1967ರಲ್ಲೇ ಅಲ್ಲಿನ ಮಾಸಾ ಪ್ರಕರಣದಲ್ಲಿ, ಟೀಚರ್ ಸರ್ಟಿಫಿಕೇಟ್ ಇಲ್ಲದ, ಹೈಸ್ಕೂಲಿನವರೆಗೆ ಓದಿದ ತಾಯಿಯೊಬ್ಬರು ಹನ್ನೆರಡು ವರ್ಷದ ಮಗಳಿಗೆ ಮನೆಯಲ್ಲಿ ಕಲಿಸುತ್ತಿದ್ದುದನ್ನು ಕೋರ್ಟು ಒಪ್ಪಿಕೊಂಡಿತ್ತು. ‘ಸಮನಾದ’ ಎಂದರೆ ಓದಿನ ಮಟ್ಟಿಗೆ ಸಮನಾದ ಎಂದರ್ಥ, ಶಾಲೆಯಂತೆ ಹತ್ತಾರು ಮಕ್ಕಳ ಒಡನಾಟವೂ ಮನೆಯಲ್ಲಿರಬೇಕು ಎಂದಲ್ಲ ಎಂದು ಆ ಕೋರ್ಟು ಹೇಳಿತ್ತು.

ಅದೇ ಅಭ್ಯಾಸದಲ್ಲಿ ಹೊಸ ಊರಿನಲ್ಲೂ ಪೆಟ್ಟಿಗೆಗಳನ್ನು ಬಿಚ್ಚಿದ ಮರುದಿನವೇ ಪಾಠ ಶುರು ಮಾಡಿಬಿಟ್ಟೆ. ಐದು ವಾರ ಕಳೆದ ಮೇಲೆ ಕನ್ನಡಕೂಟದಲ್ಲಿ ಸಿಕ್ಕ ಒಬ್ಬರು, “ಇಲ್ಲಿ ಮೊದ್ಲೇ ಅಪ್ರೂವಲ್ ತಗೋಬೇಕು ಕಣ್ರೀ, ಇನ್ನೂ ತಗೊಂಡಿಲ್ವಾ?” ಎಂದು ಗಾಬರಿಯಿಂದ ಕೇಳಿದಾಗಲೇ ನನಗೆ ಎಚ್ಚರವಾದದ್ದು. ಆ ತಪ್ಪು ಪೂರ್ತಿ ನನ್ನದು. ರಾಜ್ಯದ ಗಡಿ ದಾಟಿದರೆ ತಂದೆತಾಯಿಯ ಹಕ್ಕಿನ ಆಕಾರವೇ ಬದಲಾಗುತ್ತದೆ ಎಂಬುದು ನನಗೆ ಗೊತ್ತಿರಬೇಕಿತ್ತು. ಆ ರಾತ್ರಿಯೇ ಕೂತು ಅರ್ಜಿ ಬರೆದೆ. ಅದಕ್ಕೆ ಉತ್ತರವಾಗಿ ಬಂದದ್ದು ಈ ಐದಂಶದ ಪತ್ರ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ತಿಪಟೂರಿನ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿ, ಹೆಡ್‌ಮಾಸ್ಟರಾಗಿ ನಿವೃತ್ತರಾದವರು.

“ಅದಕ್ಯಾಕಮ್ಮ ಅಷ್ಟು ತಲೆ ಕೆಡಿಸ್ಕೋತೀಯ? ಬರ್ಲಿ ಬಿಡು. ಒಂದು ಲೋಟ ಕಾಫಿ ಕೊಟ್ಟು ಕಳಿಸು. ಮನೆಗೆ ಬರ್ತೀನಿ ಅಂದೋರ್ನ ಬೇಡ ಅನ್ನೋಕಾಗುತ್ತಾ?”

ನನ್ನ ಮನಸ್ಸಿನಲ್ಲೂ ಇದ್ದದ್ದು ಅದೇ ಮಾತು. ಬಾಗಿಲಿಗೆ ಬಂದವರನ್ನು ಒಳಗೆ ಕರೆದು ಕೂರಿಸುವುದು ನಮಗೆ ರಕ್ತಗತ. ಅದರ ಮೇಲೆ ಬಂದವರು ಅಧಿಕಾರಿ ಎಂದರೆ, ವೀಸಾದ ಮೇಲೆ ಇರುವ ನಮ್ಮಂಥವರಿಗೆ ಇಲ್ಲ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಸಹಿ ಹಾಕಲು ಪೆನ್ನು ತೆಗೆದೂ ಆಗಿತ್ತು. ತಡೆದವರು ನನ್ನ ಗಂಡ. “ಸಹಿ ಮಾಡೋಕೆ ಮುಂಚೆ, ಇದನ್ನ ಕೇಳೋ ಅಧಿಕಾರ ಇವರಿಗಿದೆಯಾ ಅಂತ ಒಂದ್ಸಲ ನೋಡೋಣ” ಎಂದರು. ಹುಡುಕುತ್ತಾ ಹೋದಾಗ ಸಿಕ್ಕದ್ದು ಲಿನ್ ಪ್ರಕರಣ, ಇಂಥದ್ದೇ ಮನೆಭೇಟಿಯ ಷರತ್ತಿನ ಬಗ್ಗೆ ಇದೇ ರಾಜ್ಯದ ಲಿನ್ ಎಂಬ ಊರಿನಲ್ಲಿ ಎದ್ದ ವ್ಯಾಜ್ಯ. ನಾನು ವಕೀಲೆಯಲ್ಲ. ಆದರೆ ಆ ತೀರ್ಪನ್ನು ಎಷ್ಟು ಸಲ ಓದಿದ್ದೇನೆಂದರೆ, ಅದು ನಮ್ಮ ಮನೆಯ ಕಾಗದಪತ್ರಗಳಲ್ಲಿ ಒಂದಾಗಿಬಿಟ್ಟಿದೆ.

ಲಿನ್‌ಗಿಂತ ಮೊದಲು

ಮಕ್ಕಳನ್ನು ಕಡ್ಡಾಯವಾಗಿ ಶಾಲೆಗೆ ಕಳಿಸಬೇಕೆಂದು ಅಮೆರಿಕದಲ್ಲಿ ಮೊಟ್ಟಮೊದಲು ಕಾನೂನು ಮಾಡಿದ ರಾಜ್ಯ ಮ್ಯಾಸಚೂಸೆಟ್ಸ್, 1852ರಲ್ಲಿ. ಇವತ್ತು ಅದು ರಾಜ್ಯದ ಜನರಲ್ ಲಾಸ್‌ನ 76ನೇ ಅಧ್ಯಾಯದ 1ನೇ ಕಲಂನಲ್ಲಿದೆ. 6ರಿಂದ 16 ವರ್ಷದೊಳಗಿನ ಮಕ್ಕಳು ಶಾಲೆಗೆ ಹೋಗಬೇಕು. ಅಥವಾ, ಊರಿನ ಶಾಲೆಗಳ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟರೋ ಆಡಳಿತ ಮಂಡಳಿಯಾದ ಸ್ಕೂಲ್ ಕಮಿಟಿಯೋ ಮುಂಚಿತವಾಗಿ ಒಪ್ಪಿದ ರೀತಿಯಲ್ಲಿ ಬೇರೆ ಕಡೆ ಕಲಿಯಬೇಕು. ಈ ‘ಮುಂಚಿತವಾಗಿ ಒಪ್ಪಿದ’ ಎಂಬ ಮಾತಿನಲ್ಲೇ ಎಲ್ಲ ಜಗಳ ಹುಟ್ಟುವುದು. ಒಪ್ಪುವ ಅಧಿಕಾರ ಇದೆ ಎಂದ ಮೇಲೆ ಏನು ಬೇಕಾದರೂ ಕೇಳಬಹುದೇ?

ಇದಕ್ಕೆ ಉತ್ತರದ ಬೀಜ 1893ರಷ್ಟು ಹಿಂದೆಯೇ ಇತ್ತು. ಕಾಮನ್‌ವೆಲ್ತ್ ವರ್ಸಸ್ ರಾಬರ್ಟ್ಸ್ ಪ್ರಕರಣದಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವಾದ ಸುಪ್ರೀಂ ಜುಡಿಷಿಯಲ್ ಕೋರ್ಟ್, ಎಲ್ಲ ಮಕ್ಕಳೂ ವಿದ್ಯಾವಂತರಾಗಬೇಕು ಎಂಬುದೇ ಈ ಕಾನೂನಿನ ಉದ್ದೇಶ, ಇಂಥದ್ದೇ ರೀತಿಯಲ್ಲಿ ಆಗಬೇಕು ಎಂಬುದಲ್ಲ ಎಂದು ಹೇಳಿತ್ತು. ಆ ಮೇಲೆ ದೇಶದ ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳು ಬಂದವು. 1925ರ ಪಿಯರ್ಸ್ ತೀರ್ಪು, ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಆರಿಗನ್ ರಾಜ್ಯದ ಕಾನೂನನ್ನು ರದ್ದು ಮಾಡಿತು. 1972ರ ಯೋಡರ್ ತೀರ್ಪು, ಎಂಟನೇ ತರಗತಿಯಾಚೆ ಮಕ್ಕಳನ್ನು ಶಾಲೆಗೆ ಕಳಿಸದೆ ತಲಾ 5 ಡಾಲರ್ ದಂಡ ಹಾಕಿಸಿಕೊಂಡಿದ್ದ ವಿಸ್ಕಾನ್ಸಿನ್‌ನ ಆಮಿಶ್ ಎಂಬ ಕ್ರೈಸ್ತ ಪಂಥದ ತಂದೆಯರ ಪರವಾಗಿ ಬಂತು. ನನಗೆ ಹೆಚ್ಚು ಹತ್ತಿರವೆನಿಸುವುದು ಎಲ್ಲಕ್ಕಿಂತ ಹಳೆಯದಾದ 1923ರ ಮೇಯರ್ ತೀರ್ಪು. ಮೊದಲ ಮಹಾಯುದ್ಧದ ಬಿಸಿಯಲ್ಲಿ ನೆಬ್ರಾಸ್ಕಾ ರಾಜ್ಯ, ಎಂಟನೇ ತರಗತಿ ಮುಗಿಯುವ ತನಕ ಇಂಗ್ಲಿಷ್ ಬಿಟ್ಟು ಬೇರೆ ನುಡಿಯನ್ನು ಮಕ್ಕಳಿಗೆ ಕಲಿಸಬಾರದು ಎಂದು ಕಾನೂನು ಮಾಡಿತ್ತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಲು ಕಲಿಸಿದ ಮೇಷ್ಟ್ರೊಬ್ಬರಿಗೆ ಶಿಕ್ಷೆಯಾಯಿತು. ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ತಳ್ಳಿಹಾಕಿ, ಮಕ್ಕಳಿಗೆ ಏನು ಕಲಿಸಬೇಕೆಂಬುದರಲ್ಲಿ ತಂದೆತಾಯಿಗೆ ಸ್ವಾತಂತ್ರ್ಯವಿದೆ ಎಂದಿತು. ಹೊರನಾಡಿನಲ್ಲಿ ಕೂತು ಮಗಳಿಗೆ ಕಾಗುಣಿತ ತಿದ್ದಿಸುವ ಯಾರಿಗೇ ಆದರೂ ಈ ಕಥೆ ಎದೆಗೆ ತಾಗುತ್ತದೆ. ಇನ್ನೊಂದು ಮಾತು, ವೀಸಾದ ಅಂಜಿಕೆಯವರಿಗಾಗಿ. ಈ ಸ್ವಾತಂತ್ರ್ಯ ನಿಂತಿರುವ, ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯ ಭಾಗ ರಕ್ಷಿಸುವುದು ‘ಯಾವುದೇ ವ್ಯಕ್ತಿ’ಯನ್ನು. ಅಲ್ಲಿ ‘ಪ್ರಜೆ’ ಎಂಬ ಪದ ಬಳಸಿಲ್ಲ.

ಆದರೆ ಇವೆಲ್ಲ ದೊಡ್ಡ ದೊಡ್ಡ ತತ್ವಗಳು. ಸೂಪರಿಂಟೆಂಡೆಂಟರ ಮೇಜಿನ ಮೇಲಿರುವ ಅರ್ಜಿಗೆ ಅವು ನೇರ ಉತ್ತರ ಕೊಡುವುದಿಲ್ಲ. ಆ ಉತ್ತರ ಬಂದದ್ದು 1987ರಲ್ಲಿ, ಬಾಸ್ಟನ್‌ನ ದಕ್ಷಿಣಕ್ಕಿರುವ ಕ್ಯಾಂಟನ್ ಎಂಬ ಊರಿನ ಕುಟುಂಬವೊಂದರ ಪ್ರಕರಣದಲ್ಲಿ. ಕಾನೂನು ವಲಯದಲ್ಲಿ ಅದನ್ನು ಚಾರ್ಲ್ಸ್ ಪ್ರಕರಣ ಎನ್ನುತ್ತಾರೆ. ಮಕ್ಕಳನ್ನು ಮನೆಯಲ್ಲಿ ಕಲಿಸಲು ಶಾಲೆಯವರು ಒಪ್ಪದೆ, ವಿಷಯ ಮಕ್ಕಳ ರಕ್ಷಣೆಯ ಮೊಕದ್ದಮೆಯಾಗಿ ಕೋರ್ಟು ಹತ್ತಿತ್ತು. ಮುಂಚಿತ ಒಪ್ಪಿಗೆಯ ನಿಯಮ ಸಂವಿಧಾನಬದ್ಧ ಎಂದು ಸುಪ್ರೀಂ ಜುಡಿಷಿಯಲ್ ಕೋರ್ಟ್ ಎತ್ತಿಹಿಡಿಯಿತು. ಅದರ ಜೊತೆಗೇ ಆ ಅಧಿಕಾರಕ್ಕೆ ಬೇಲಿಯನ್ನೂ ಕಟ್ಟಿತು. ಶಾಲೆಯವರು ಪರಿಶೀಲಿಸಬಹುದಾದದ್ದು ಇಷ್ಟು: ಪಠ್ಯಕ್ರಮ ಮತ್ತು ಗಂಟೆಗಳ ಲೆಕ್ಕ, ತಂದೆತಾಯಿಯ ಕಲಿಸುವ ಸಾಮರ್ಥ್ಯ, ಪುಸ್ತಕ ಮತ್ತಿತರ ಪಠ್ಯಸಾಮಗ್ರಿ, ಮಗುವಿನ ಪ್ರಗತಿಯನ್ನು ಅಳೆಯುವ ವಿಧಾನ.

ಇವುಗಳ ಒಳಗೂ ಅಂಕೆಯಿದೆ. ಸಾಮರ್ಥ್ಯವನ್ನು ವಿಚಾರಿಸಬಹುದು, ಆದರೆ ಟೀಚರ್ ಸರ್ಟಿಫಿಕೇಟ್ ಬೇಕೇ ಬೇಕು ಎನ್ನುವಂತಿಲ್ಲ. ಕಾಲೇಜು ಡಿಗ್ರಿ ಇಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಪುಸ್ತಕಗಳನ್ನು ನೋಡಬಹುದು, ಆದರೆ ಅದು ವಿಷಯ ಮತ್ತು ಮಟ್ಟವನ್ನು ತಿಳಿಯುವುದಕ್ಕೆ. ಆ ನೆಪದಲ್ಲಿ ಹೀಗೇ ಕಲಿಸಿ ಎಂದು ಹೇಳುವಂತಿಲ್ಲ. ಪ್ರಗತಿಗೆ ಪರೀಕ್ಷೆ ಕೇಳಬಹುದು. ಅದರ ಬದಲು ಪ್ರಗತಿ ವರದಿಯನ್ನೋ ತಾರೀಖು ಹಾಕಿದ ಕೆಲಸದ ಮಾದರಿಗಳನ್ನೋ ಇಬ್ಬರೂ ಮಾತಾಡಿಕೊಂಡು ಒಪ್ಪಬಹುದು. ಅಂಥ ವ್ಯವಸ್ಥೆ ಸರಿಯಾಗಿದ್ದರೆ ಸ್ಥಳಕ್ಕೆ ಬಂದು ನೋಡುವ ಅಗತ್ಯವೇ ಬೀಳದಿರಬಹುದು ಎಂದೂ ಕೋರ್ಟು ಸೇರಿಸಿತು. ಆ ‘ಬೀಳದಿರಬಹುದು’ ಎಂಬ ಸಣ್ಣ ಸಂದಿಯೇ ಮುಂದೆ ಲಿನ್‌ನ ಜಗಳಕ್ಕೆ ದಾರಿಯಾಯಿತು.

ಚಾರ್ಲ್ಸ್ ತೀರ್ಪಿನಲ್ಲಿ ಹೆಚ್ಚಿನವರು ಗಮನಿಸದೆ ಹೋಗುವ, ನನ್ನ ಮಟ್ಟಿಗೆ ಅತಿ ಮುಖ್ಯವಾದ ಭಾಗ ರುಜುವಾತಿನ ಹೊಣೆಯದು. ಅರ್ಜಿ ಹಾಕುವಾಗ ನಮ್ಮ ಯೋಜನೆ ಸರಿಯಿದೆ ಎಂದು ತೋರಿಸುವ ಹೊಣೆ ನಮ್ಮದು. ಶಾಲೆಯವರು ನಿರಾಕರಿಸಿದರೆ ಕಾರಣಗಳನ್ನು ವಿವರವಾಗಿ ತಿಳಿಸಬೇಕು, ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಆಮೇಲೂ ಹೊಂದಾಣಿಕೆಯಾಗದೆ ಅವರು ಕೋರ್ಟಿಗೆ ಹೋದರೆ ಹೊಣೆ ಅವರ ಹೆಗಲಿಗೆ ದಾಟುತ್ತದೆ. ಈ ಮನೆಯ ಕಲಿಕೆ ಊರಿನ ಸರ್ಕಾರಿ ಶಾಲೆಯ ಕಲಿಕೆಗೆ ಸಮನಾಗಿಲ್ಲ ಎಂದು ಅವರೇ ಸಾಬೀತುಪಡಿಸಬೇಕು. ಇದು ಗೊತ್ತಿರುವ ಅಪ್ಪ ಅಮ್ಮ ಬರೆಯುವ ಪತ್ರದ ದನಿಯೇ ಬೇರೆ.

ಒಂದೇ ಒಂದು ಷರತ್ತಿಗಾಗಿ

ಲಿನ್ ಬಾಸ್ಟನ್‌ನ ಉತ್ತರಕ್ಕೆ, ಅಟ್ಲಾಂಟಿಕ್ ತೀರದಲ್ಲಿರುವ ಊರು. ಒಂದು ಕಾಲಕ್ಕೆ ಬೂಟು ಹೊಲಿಯುವ ಕಾರ್ಖಾನೆಗಳಿಗೆ ಹೆಸರಾಗಿತ್ತು. ಅಲ್ಲಿನ ಸ್ಕೂಲ್ ಕಮಿಟಿಯ ನೀತಿಯಲ್ಲಿ, ಮನೆಯಲ್ಲಿ ಕಲಿಸುವವರು ಆಗಾಗ ಅಧಿಕಾರಿಗಳ ಮನೆಭೇಟಿಗೆ ಒಪ್ಪಬೇಕು ಎಂಬ ಷರತ್ತಿತ್ತು. ಅಧಿಕಾರಿ ಬಂದು ಪಾಠ ನಡೆಯುವ ಕ್ರಮವನ್ನು ನೋಡಿ ಮೌಲ್ಯಮಾಪನ ಮಾಡಬೇಕೆಂಬುದು ಅದರ ಉದ್ದೇಶ. ಎರಡು ಕುಟುಂಬಗಳು ಇದನ್ನು ಒಪ್ಪಲಿಲ್ಲ. ಅವರ ತಕರಾರು ಇದ್ದದ್ದು ಮನೆಭೇಟಿಯ ಷರತ್ತೊಂದರ ಬಗ್ಗೆ ಮಾತ್ರ. ಪ್ರಕರಣದ ಬಲ ಇರುವುದೇ ಇಲ್ಲಿ ಎಂದು ನನಗನ್ನಿಸುತ್ತದೆ. ಎಲ್ಲದಕ್ಕೂ ಅಡ್ಡ ನಿಂತಿದ್ದರೆ, ಇವರು ಮಕ್ಕಳ ಕಲಿಕೆಯನ್ನೇ ಮರೆಮಾಚುತ್ತಿದ್ದಾರೇನೋ ಎಂಬ ಅನುಮಾನಕ್ಕೆ ಎಡೆ ಸಿಗುತ್ತಿತ್ತು.

ಒಂದು ಕುಟುಂಬ ಮೊದಲು ಹೋದದ್ದು ಫೆಡರಲ್, ಅಂದರೆ ಕೇಂದ್ರದ, ಕೋರ್ಟಿಗೆ. ಕೆಳ ಕೋರ್ಟಿನಲ್ಲಿ ಸೋತರು. ಮೇಲ್ಮನವಿ ಕೇಳಿದ ಫಸ್ಟ್ ಸರ್ಕ್ಯೂಟ್ ಕೋರ್ಟ್ 1994ರಲ್ಲಿ ಸೋಲನ್ನೂ ಉಳಿಸಲಿಲ್ಲ, ಗೆಲುವನ್ನೂ ಕೊಡಲಿಲ್ಲ. ರಾಜ್ಯದ ಕಾನೂನು ಇಂಥ ಷರತ್ತಿಗೆ ಜಾಗ ಕೊಡುತ್ತದೆಯೇ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ, ಅದನ್ನು ರಾಜ್ಯದ ಕೋರ್ಟೇ ಮೊದಲು ಹೇಳಲಿ, ರಾಜ್ಯದ ಕಾನೂನಿನಲ್ಲೇ ಉತ್ತರ ಸಿಕ್ಕರೆ ಸಂವಿಧಾನದ ಪ್ರಶ್ನೆ ಏಳುವುದೇ ಇಲ್ಲ ಎಂದು ಪಕ್ಕಕ್ಕೆ ಸರಿಯಿತು. ಹೀಗೆ ವ್ಯಾಜ್ಯ ರಾಜ್ಯದ ಕೋರ್ಟಿಗೆ ಬಂದು, ಬ್ರೂನೆಲ್ ವರ್ಸಸ್ ಲಿನ್ ಪಬ್ಲಿಕ್ ಸ್ಕೂಲ್ಸ್ ಎಂಬ ಹೆಸರಿನಲ್ಲಿ ಸುಪ್ರೀಂ ಜುಡಿಷಿಯಲ್ ಕೋರ್ಟನ್ನು ತಲುಪಿತು. ತೀರ್ಪು ಬಂದದ್ದು 1998ರ ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ಚಿಕ್ಕ ಮಕ್ಕಳು ದೊಡ್ಡವರಾಗಿರುತ್ತಾರೆ. ಅಷ್ಟು ವರ್ಷ ಆ ಮನೆಯವರು ಈ ಒಂದು ಸಾಲಿಗಾಗಿ ನಿಂತರಲ್ಲ ಎಂದು ನೆನೆದಾಗಲೆಲ್ಲ ನನಗೆ ಅವರ ಮೇಲೆ ಗೌರವ ಉಕ್ಕುತ್ತದೆ. ಅವರು ನಿಂತಿದ್ದರಿಂದಲೇ ನಾನು ಒಂದು ಪತ್ರ ಬರೆದು ಮುಗಿಸಲು ಸಾಧ್ಯವಾಯಿತು.

ಶಾಲೆಯವರ ವಾದದಲ್ಲಿ ಹುರುಳಿಲ್ಲದೇ ಇರಲಿಲ್ಲ. ಕಾಗದದ ಮೇಲೆ ಯಾರು ಏನು ಬೇಕಾದರೂ ಬರೆಯಬಹುದು, ಬರೆದದ್ದು ಮನೆಯಲ್ಲಿ ನಡೆಯುತ್ತಿದೆ ಎಂದು ಕಣ್ಣಾರೆ ನೋಡದೆ ತಿಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಕೋರ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮಕ್ಕಳಿಗೆ ವಿದ್ಯೆ ಸಿಗುವಂತೆ ನೋಡಿಕೊಳ್ಳುವ ಆಸಕ್ತಿ ರಾಜ್ಯಕ್ಕಿದೆ ಎಂದು ಒಪ್ಪಿಕೊಂಡೇ ಮುಂದೆ ಹೋಯಿತು. ಆದರೆ ಒಪ್ಪಿಗೆಗೆ ಹಾಕುವ ಷರತ್ತು ಆ ಉದ್ದೇಶಕ್ಕೆ ಅತ್ಯಗತ್ಯವಾಗಿರಬೇಕು. ಅನುಕೂಲ, ರೂಢಿ, ಸಮಾಧಾನ ಇಷ್ಟು ಸಾಲದು. ಎಲ್ಲ ಮಕ್ಕಳೂ ವಿದ್ಯಾವಂತರಾಗಬೇಕು ಎಂಬ 1893ರ ಮಾತನ್ನೇ ಕೋರ್ಟು ಮತ್ತೆ ಅಳತೆಗೋಲಾಗಿ ಹಿಡಿಯಿತು.

ಮುಂದಿನ ತರ್ಕವೇ ನನಗೆ ಬಹಳ ಹಿಡಿಸಿದ್ದು. ತರಗತಿಯಲ್ಲಿ ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕೂತರೆ ಒಂದಷ್ಟು ತಿಳಿಯುತ್ತದೆ. ಅಲ್ಲಿ ಒಬ್ಬರು ಟೀಚರು, ಇಪ್ಪತ್ತು ಮೂವತ್ತು ಮಕ್ಕಳು, ಗಂಟೆಗೊಂದು ವಿಷಯ. ಮನೆಯಲ್ಲಿ ಹಾಗಿಲ್ಲ. ಕಲಿಸುವವರೂ ಕಲಿಯುವವರೂ ಒಬ್ಬರನ್ನೊಬ್ಬರು ಬಲ್ಲ, ಪಾಠಕ್ಕೂ ಮಾತಿಗೂ ಗೆರೆಯಿಲ್ಲದ ಜಾಗ ಅದು. ವಿಧಾನ ಸಡಿಲವಾಗಿ ಕಂಡರೂ ಒಂದು ಮಗುವಿಗೆ ಸಿಗುವ ಗಮನದಿಂದಾಗಿ ಅದು ಹೆಚ್ಚು ಫಲಿಸಬಹುದು. ಅಷ್ಟೇ ಅಲ್ಲ, ಮನೆಶಿಕ್ಷಣದ ಒಳ್ಳೆಯ ಭಾಗಗಳು ಎಷ್ಟೋ ಸಲ ಮನೆಯೊಳಗೆ ನಡೆಯುವುದೇ ಇಲ್ಲ. ಲೈಬ್ರರಿ, ಮ್ಯೂಸಿಯಂಗಳಲ್ಲಿ ನಡೆಯುತ್ತವೆ. ಇಂಥ ಕಲಿಕೆಯನ್ನು ಎರಡು ಗಂಟೆಯ ಭೇಟಿಯಿಂದ ಅಳೆಯಲಾಗದು. ಅಳೆಯುವುದಕ್ಕೆ ಪರೀಕ್ಷೆ, ವರದಿ, ಕೆಲಸದ ಮಾದರಿ ಎಂಬ ದಾರಿಗಳು ಚಾರ್ಲ್ಸ್ ತೀರ್ಪಿನಿಂದ ಆಗಲೇ ಇದ್ದವು. ಸರ್ಕಾರ ಕುಟುಂಬದ ಖಾಸಗಿ ಬದುಕಿನೊಳಗೆ ಅನಗತ್ಯವಾಗಿ ಕಾಲಿಡಬಾರದು ಎಂಬ ಹಳೆಯ ತತ್ವವನ್ನೂ ಜೊತೆಗೆ ಸೇರಿಸಿ ಕೋರ್ಟು ಮುಗಿಸಿತು: ಮನೆಭೇಟಿ ಅತ್ಯಗತ್ಯವೆಂದು ಸುಮ್ಮನೆ ಊಹಿಸಿಕೊಳ್ಳುವಂತಿಲ್ಲ, ಹಾಗಾಗಿ ತಂದೆತಾಯಿ ಒಪ್ಪದಿದ್ದಾಗ ಅದನ್ನು ಮಂಜೂರಾತಿಯ ಷರತ್ತು ಮಾಡುವಂತಿಲ್ಲ.

ಈ ಭಾಗವನ್ನು ಅಪ್ಪನಿಗೆ ಮುಂದಿನ ಭಾನುವಾರ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

“ನಿಮ್ಮ ಕೋರ್ಟು ಹೇಳಿದ್ದು ನಿಜ ಕಣಮ್ಮ. ಇನ್‌ಸ್ಪೆಕ್ಟರ್ ಸಾಹೇಬ್ರು ಬರೋ ದಿನ ಗೋಡೆಗೆ ಸುಣ್ಣ ಬಳೀತಿದ್ವಿ. ಹಿಂದಿನ ದಿನಾನೇ ಹುಡುಗರಿಗೆ ಉತ್ತರ ಬಾಯಿಪಾಠ ಮಾಡಿಸ್ತಿದ್ವಿ. ಮೂವತ್ತು ವರ್ಷದಲ್ಲಿ ಯಾವ ತಪಾಸಣೇಲೂ ನನ್ನ ಹುಡುಗರು ನಿಜವಾಗಿ ಏನು ಕಲಿತಿದ್ರು ಅಂತ ಯಾರೂ ನೋಡ್ಲಿಲ್ಲ. ನೋಡಬೇಕಿದ್ರೆ ಅವರ ಪಟ್ಟಿ ಪುಸ್ತಕ ತೆಗೆದು ನೋಡಬೇಕಿತ್ತು.”

ಪಟ್ಟಿ ಪುಸ್ತಕವನ್ನೇ ಕೋರ್ಟು ‘ತಾರೀಖು ಹಾಕಿದ ಕೆಲಸದ ಮಾದರಿ’ ಎಂದಿರುವುದು.

ತೀರ್ಪಿನ ಎಲ್ಲೆ

ಲಿನ್ ತೀರ್ಪನ್ನು ಹಿಡಿದು ಎಲ್ಲದಕ್ಕೂ ಇಲ್ಲ ಎನ್ನುವವರನ್ನೂ ನೋಡಿದ್ದೇನೆ. ಅದು ತಪ್ಪು, ಅಪಾಯವೂ ಹೌದು. ಮುಂಚಿತ ಒಪ್ಪಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಇವತ್ತಿಗೂ ಬೇಕು. ಪ್ರಗತಿಯನ್ನು ತೋರಿಸಲೇಬೇಕು. ತಂದೆತಾಯಿ ತಾವಾಗಿ ಒಪ್ಪಿದರೆ ಮನೆಭೇಟಿಗೆ ಅಡ್ಡಿಯಿಲ್ಲ. ಮಗು ಶಾಲೆಗೆ ಬಾರದಿದ್ದರೆ 76ನೇ ಅಧ್ಯಾಯದ 2ನೇ ಕಲಂ ಪ್ರಕಾರ ತಂದೆತಾಯಿಗೆ ಬೀಳುವ ದಂಡ ಹೆಚ್ಚೆಂದರೆ 20 ಡಾಲರ್. ಆದರೆ ಭಯಪಡಬೇಕಾದದ್ದು ಆ ದಂಡಕ್ಕಲ್ಲ. ನಿರ್ಲಕ್ಷ್ಯದ ಅನುಮಾನದ ಮೇಲೆ ಮಕ್ಕಳ ಮತ್ತು ಕುಟುಂಬಗಳ ಇಲಾಖೆಗೆ ಹೋಗುವ ವರದಿಗೆ. ಅದನ್ನು ಇಲ್ಲಿ 51ಎ ಎನ್ನುತ್ತಾರೆ. ಒಪ್ಪಿಗೆಯಿಲ್ಲದೆ ಐದು ವಾರ ಪಾಠ ನಡೆಸಿದ ನನಗೆ ಈ ಪದ ತಿಳಿದ ರಾತ್ರಿ ನಿದ್ದೆ ಬರಲಿಲ್ಲ.

ಶಾಲೆಗೆ ಬಾರದ ಮಗುವನ್ನು ಯಾರೂ ನೋಡುವುದೇ ಇಲ್ಲ, ಮನೆಯಲ್ಲಿ ಅದಕ್ಕೆ ಹಿಂಸೆಯಾಗುತ್ತಿದ್ದರೆ ಗತಿಯೇನು ಎಂದು ಗೆಳತಿಯೊಬ್ಬಳು ನನ್ನನ್ನು ಕೇಳಿದ್ದಳು. ಆ ಕಳವಳ ನನಗೂ ಇದೆ. ಆದರೆ ಮಗುವಿನ ರಕ್ಷಣೆಗೆ ಬೇರೆ ಇಲಾಖೆಯಿದೆ, ಅದಕ್ಕೆ ತನ್ನದೇ ಅಧಿಕಾರ ಮತ್ತು ಕಟ್ಟುಪಾಡುಗಳಿವೆ. ಪಠ್ಯಕ್ರಮ ನೋಡಲು ಬರುವವರ ಕೈಗೆ ಆ ಕೆಲಸವನ್ನೂ ಕೊಟ್ಟರೆ, ಅದಕ್ಕೆ ತರಬೇತಿಯಿಲ್ಲದ ಅವರು ನಿಜವಾಗಿ ನೋಯುತ್ತಿರುವ ಮಗುವನ್ನು ಗುರುತಿಸಲಾರರು. ಅನುಮಾನ ಮಾತ್ರ ಮನೆಮನೆಗೂ ಹಬ್ಬುತ್ತದೆ.

ಇನ್ನೊಂದು ಎಲ್ಲೆ, ರಾಜ್ಯದ ಗಡಿ. ಲಿನ್ ತೀರ್ಪು ಮ್ಯಾಸಚೂಸೆಟ್ಸ್‌ನಲ್ಲಿ ಮಾತ್ರ ಅನ್ವಯಿಸುತ್ತದೆ. ಕೆಲಸ ಬದಲಾದಂತೆ ರಾಜ್ಯ ಬದಲಿಸುವ ನಮ್ಮವರು ಇದನ್ನು ಮರೆಯಬಾರದು. ನ್ಯೂಯಾರ್ಕ್‌ನಲ್ಲಿ ಮನೆಶಿಕ್ಷಣದ ಯೋಜನೆ ಪ್ರೊಬೇಷನ್‌ಗೆ, ಅಂದರೆ ವಿಶೇಷ ನಿಗಾಕ್ಕೆ, ಹೋಗಿ, ನಿಯಮ ಮೀರಿದ್ದಾರೆಂದು ನಂಬಲು ಸರಿಯಾದ ಕಾರಣವಿದ್ದರೆ, ಮೂರು ದಿನ ಮೊದಲು ಲಿಖಿತ ನೋಟಿಸ್ ಕೊಟ್ಟು ಸೂಪರಿಂಟೆಂಡೆಂಟರು ಮನೆಭೇಟಿಗೆ ಒತ್ತಾಯಿಸಬಹುದು. ಪೆನ್ಸಿಲ್ವೇನಿಯಾದಲ್ಲಿ ಮಕ್ಕಳ ಕೆಲಸದ ಕಡತವನ್ನು ಡಿಸ್ಟ್ರಿಕ್ಟ್‌ಗೆ ಒಪ್ಪಿಸುವುದಕ್ಕೇ ಧಾರ್ಮಿಕ ಕಾರಣದಿಂದ ಆಕ್ಷೇಪಿಸಿದ್ದ ಕುಟುಂಬಗಳು 2008ರಲ್ಲಿ ಥರ್ಡ್ ಸರ್ಕ್ಯೂಟ್ ಕೋರ್ಟಿನಲ್ಲಿ ಸೋತವು.

ಊರಿನಿಂದ ಹೊಸದಾಗಿ ಬಂದವರಿಗೆ ಇದೆಲ್ಲ ವಿಚಿತ್ರವೆನಿಸುವುದು ಸಹಜ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು 10ನೇ ಕಲಂನಲ್ಲಿ ಹೇಳುತ್ತದೆ, ಆದರೆ ಸೇರಿಸದವರಿಗೆ ಶಿಕ್ಷೆಯನ್ನು ಹೇಳುವುದಿಲ್ಲ. ಮನೆಯಲ್ಲಿ ಕಲಿಸುವವರು ಅರ್ಜಿ ಹಾಕುವ ಏರ್ಪಾಡೂ ಅದರಲ್ಲಿಲ್ಲ. ಅರ್ಜಿ, ಒಪ್ಪಿಗೆ, ಷರತ್ತು ಎಂಬ ಈ ಕೊಡುಕೊಳ್ಳುವಿಕೆ ನಮಗೆ ಹೊಸದು. ಅದಕ್ಕೇ ಕೇಳಿದ್ದಕ್ಕೆಲ್ಲ ಸಹಿ ಹಾಕುತ್ತೇವೆ.

ನಾವು ಬರೆದದ್ದು

ಮೊದಲ ನಾಲ್ಕು ಅಂಶಗಳಿಗೆ ಕೇಳಿದ್ದಕ್ಕಿಂತ ಅಚ್ಚುಕಟ್ಟಾಗಿ ಉತ್ತರಿಸಿದೆವು. ರಾಜ್ಯದ ಕಾನೂನು ಸರ್ಕಾರಿ ಶಾಲೆಗಳಲ್ಲಿ ಕಲಿಸಬೇಕೆನ್ನುವ ವಿಷಯಗಳ ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಬರೆದೆ. ಸ್ಪೆಲ್ಲಿಂಗ್, ಓದು, ಬರಹ, ವ್ಯಾಕರಣ, ಭೂಗೋಳ, ಗಣಿತ, ಚಿತ್ರಕಲೆ, ಸಂಗೀತ, ಅಮೆರಿಕದ ಇತಿಹಾಸ ಮತ್ತು ಸಂವಿಧಾನ, ನಾಗರಿಕರ ಕರ್ತವ್ಯ, ಆರೋಗ್ಯ, ವ್ಯಾಯಾಮ. ಕೊನೆಗೆ ‘ಸನ್ನಡತೆ’ ಕೂಡ ಆ ಪಟ್ಟಿಯಲ್ಲಿದೆ. ಪ್ರಾಥಮಿಕ ಶಾಲೆಗಳಿಗಿರುವಂತೆ ವರ್ಷಕ್ಕೆ 900 ಗಂಟೆ ಎಂದು ಕಾಣಿಸಿದೆ. ಕನ್ನಡವನ್ನು ಸೇರಿಸಬೇಕೇ ಬೇಡವೇ ಎಂದು ಬಹಳ ಯೋಚಿಸಿದೆ. ಕಾನೂನು ಕೇಳದ್ದನ್ನು ಯೋಜನೆಯಲ್ಲಿ ಬರೆದರೆ ನಾಳೆ ಅದರ ಲೆಕ್ಕವನ್ನೂ ಕೇಳಬಹುದು, ಹಾಗಾಗಿ ಬರೆಯದಿರುವುದೇ ಜಾಣತನ ಎಂದು ಅನುಭವಸ್ಥರು ಹೇಳುತ್ತಾರೆ. ಅದು ಒಳ್ಳೆಯ ಸಲಹೆಯೇ. ಆದರೂ ಕನ್ನಡವನ್ನು ಬಿಡಲು ಮನಸ್ಸು ಬರಲಿಲ್ಲ, ಸೇರಿಸಿದೆ.

ಐದನೆಯ ಅಂಶಕ್ಕೆ ಬರೆದದ್ದರ ಸಾರ ಇಷ್ಟು: “ಈ ಅಂಶಕ್ಕೆ ನಮ್ಮ ಒಪ್ಪಿಗೆಯಿಲ್ಲ. 1998ರ ಬ್ರೂನೆಲ್ ವರ್ಸಸ್ ಲಿನ್ ಪಬ್ಲಿಕ್ ಸ್ಕೂಲ್ಸ್ ತೀರ್ಪಿನಂತೆ ಮನೆಭೇಟಿಯನ್ನು ಮಂಜೂರಾತಿಯ ಷರತ್ತಾಗಿ ಇಡುವಂತಿಲ್ಲ. ಮಗಳ ಪ್ರಗತಿಯನ್ನು ತೋರಿಸುವ, ತಾರೀಖು ಹಾಕಿದ ಕೆಲಸದ ಮಾದರಿಗಳನ್ನು ಜೂನ್‌ನಲ್ಲಿ ಕಳಿಸುತ್ತೇವೆ. ನಮ್ಮ ಯೋಜನೆಯಲ್ಲಿ ಕೊರತೆ ಕಂಡರೆ ಕಾರಣಗಳನ್ನು ಬರವಣಿಗೆಯಲ್ಲಿ ತಿಳಿಸಿ, ತಿದ್ದಿ ಮತ್ತೆ ಸಲ್ಲಿಸುತ್ತೇವೆ.” ಸಿಟ್ಟಿನ ಒಂದು ಪದವನ್ನೂ ಸೇರಿಸಲಿಲ್ಲ. ಒಪ್ಪಿಗೆಯಿಲ್ಲದೆ ಪಾಠ ಶುರು ಮಾಡಿದ್ದು ನಮ್ಮ ತಪ್ಪು ಎಂದೂ ಒಂದು ವಾಕ್ಯದಲ್ಲಿ ಒಪ್ಪಿಕೊಂಡೆವು. ಪೋಸ್ಟ್ ಆಫೀಸಿಗೆ ಹೋಗಿ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆ. ನಮ್ಮಲ್ಲಿ ರಿಜಿಸ್ಟರ್ ಪೋಸ್ಟಿಗೆ ಅಕ್ನಾಲೆಜ್‌ಮೆಂಟ್ ಕಾರ್ಡು ಅಂಟಿಸುತ್ತಿದ್ದರಲ್ಲ, ಇಲ್ಲೂ ಹಾಗೇ, ಹಸಿರು ಬಣ್ಣದ್ದು. ನಾಲ್ಕನೇ ದಿನ ಯಾರದೋ ಸಹಿ ಹೊತ್ತು ಆ ಕಾರ್ಡು ವಾಪಸ್ ಬಂತು. ಅದನ್ನು ತೀರ್ಪಿನ ಪ್ರತಿಯ ಜೊತೆಗೇ ಕಡತಕ್ಕೆ ಸೇರಿಸಿದೆ.

ಮರುವಾರ ಕಚೇರಿಯಿಂದ ಫೋನ್ ಬಂತು. ಎಲ್ಲರೂ ಸಹಿ ಮಾಡುತ್ತಾರೆ, ನಿಮ್ಮದೊಂದೇ ಬಾಕಿ ಎಂದರು ಆ ಕಡೆಯವರು, ಮೆತ್ತಗೆ. ನನ್ನ ಕೈ ನಡುಗುತ್ತಿತ್ತು. “ದಯವಿಟ್ಟು ನಿಮ್ಮ ನಿರ್ಧಾರವನ್ನ ಬರವಣಿಗೆಯಲ್ಲಿ ಕಳಿಸ್ತೀರಾ?” ಎಂದಷ್ಟೇ ಕೇಳಿದೆ. ಮೂರು ವಾರದ ನಂತರ ಎರಡು ಸಾಲಿನ ಪತ್ರ ಬಂತು: ಈ ಶಾಲಾವರ್ಷಕ್ಕೆ ನಿಮ್ಮ ಯೋಜನೆಯನ್ನು ಮಂಜೂರು ಮಾಡಲಾಗಿದೆ. ಮನೆಭೇಟಿಯ ಪ್ರಸ್ತಾಪವೇ ಇರಲಿಲ್ಲ. ಎಲ್ಲರೂ ಸಹಿ ಮಾಡುತ್ತಾರೆ ಎಂಬ ಮಾತು ಮಾತ್ರ ಇವತ್ತಿಗೂ ನನ್ನ ಕಿವಿಯಲ್ಲಿದೆ. ತೀರ್ಪು ಬಂದು ಇಷ್ಟು ವರ್ಷವಾದರೂ ಆ ಸಾಲು ಕೆಲವು ನಮೂನೆಗಳಲ್ಲಿ ಉಳಿದಿರುವುದು, ಯಾರೂ ಕೇಳುವುದಿಲ್ಲ ಎಂಬ ಕಾರಣಕ್ಕೆ ಎಂದೇ ನಾನು ನಂಬಿದ್ದೇನೆ. ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆದೆ.

ಆ ಮೇ ತಿಂಗಳಲ್ಲಿ ಮಗಳನ್ನು ಲಿನ್‌ಗೆ ಕರೆದುಕೊಂಡು ಹೋಗಿದ್ದೆವು. ಗಾಳಿ ಜೋರಾಗಿತ್ತು, ನೀರು ಕೊರೆಯುವಷ್ಟು ತಣ್ಣಗಿತ್ತು. ಮರಳಿನ ಮೇಲೆ ಕೂತು ಅವಳು ಅಜ್ಜನಿಗೆ ಕಾಗದ ಬರೆದಳು, ಕನ್ನಡದಲ್ಲಿ, ಒತ್ತಕ್ಷರಗಳನ್ನು ತಪ್ಪಿಸುತ್ತಾ, ಮತ್ತೆ ಅಳಿಸಿ ತಿದ್ದುತ್ತಾ. ಮೇಲೆ ತಾರೀಖು ಹಾಕು ಎಂದೆ, ಹಾಕಿದಳು. ಜೂನ್‌ನಲ್ಲಿ ಡಿಸ್ಟ್ರಿಕ್ಟ್‌ಗೆ ಹೋದ ಲಕೋಟೆಯಲ್ಲಿ ಭಿನ್ನರಾಶಿಯ ನಾಲ್ಕು ಹಾಳೆ, ಒಂದು ಪ್ರಬಂಧ, ಸಂವಿಧಾನದ ಮೇಲಿನ ಪ್ರಶ್ನೋತ್ತರಗಳ ಜೊತೆಗೆ ಆ ಕಾಗದದ ನಕಲೂ ಇತ್ತು. ಅಸಲು ತಿಪಟೂರಿಗೆ ಹೋಯಿತು. ತಲುಪಿದ ದಿನ ಅಪ್ಪ ಫೋನ್ ಮಾಡಿ, “‘ಸಮುದ್ರ’ಕ್ಕೆ ‘ದ’ಕಾರಕ್ಕೆ ರವೊತ್ತು ಬರುತ್ತೆ ಅಂತ ಹೇಳು ಮಗೂಗೆ” ಎಂದರು.